ಕೋರ್ಟ್ ತೀರ್ಪನ್ನು ನೀವೇ ಓದುವುದು ಹೇಗೆ?

2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದ ತೀರ್ಪು ಕೊಟ್ಟಿತು. ಆಸ್ತಿಯಲ್ಲಿ ‘ಹೆಣ್ಣುಮಕ್ಕಳಿಗೂ ಸಮಪಾಲು’ ಎಂಬ ಸುದ್ದಿ ಮನೆಮನೆಗೆ ಮುಟ್ಟಿತು. ಸುದ್ದಿ ನಿಜವೇ. ಆದರೆ ‘ಅಪ್ಪ 1998ರಲ್ಲೇ ತೀರಿಕೊಂಡರು, ಅಣ್ಣಂದಿರು ಆಗಲೇ ಪಾಲು ಮಾಡಿಕೊಂಡಿದ್ದಾರೆ, ನನಗೆ ಬರುತ್ತಾ?’ ಎಂದು ಕೇಳುವ ಹೆಣ್ಣುಮಗಳಿಗೆ ಆ ತಲೆಬರಹದಲ್ಲಿ ಉತ್ತರವಿಲ್ಲ. ಉತ್ತರ ಇರುವುದು ತೀರ್ಪಿನೊಳಗೆ. ಅದನ್ನು ಹುಡುಕಲು ಕಾನೂನು ಪದವಿ ಬೇಕಿಲ್ಲ, ಎಲ್ಲಿ ನೋಡಬೇಕು ಅಂತ ಗೊತ್ತಿದ್ದರೆ ಸಾಕು.

ಮೊದಲು ಪ್ರತಿ ಇಳಿಸಿಕೊಳ್ಳಿ. ಸುಪ್ರೀಂ ಕೋರ್ಟ್‌ನ ಜಾಲತಾಣದಲ್ಲಿ ತೀರ್ಪುಗಳು ಉಚಿತ. ಕೆಲವಕ್ಕೆ ಕನ್ನಡ ಅನುವಾದವೂ ಇದೆ. ವಿಷಯ ತಿಳಿಯಲು ಅನುವಾದ ಓದಿ, ಒಂದೊಂದು ಪದವೂ ಮುಖ್ಯವಾದ ಕಡೆ ಇಂಗ್ಲಿಷ್ ಮೂಲವನ್ನೇ ನೋಡಿ. ಕೆಲವು ಪ್ರತಿಗಳ ಆರಂಭದಲ್ಲಿ ‘ಹೆಡ್‌ನೋಟ್’ ಎಂಬ ಸಾರಾಂಶ ಇರುತ್ತದೆ. ಅದು ವರದಿಗಾರರು ಬರೆದದ್ದು, ನ್ಯಾಯಮೂರ್ತಿಗಳ ಮಾತಲ್ಲ.

ಎಷ್ಟು ಜನ ನ್ಯಾಯಮೂರ್ತಿಗಳು ಅಂತ ಎಣಿಸಿ. ಸಣ್ಣ ಕೆಲಸ, ಆದರೆ ಬಿಡಬೇಡಿ. ದೊಡ್ಡ ಪೀಠದ ಮಾತು ಚಿಕ್ಕ ಪೀಠವನ್ನು ಕಟ್ಟಿಹಾಕುತ್ತದೆ. ವಿನೀತಾ ಶರ್ಮಾಗಿಂತ ಮುಂಚೆ ಫೂಲವತಿ (2015) ಮತ್ತು ದಾನಮ್ಮ (2018) ಪ್ರಕರಣಗಳ ತೀರ್ಪು ಬಂದಿದ್ದವು. ಎರಡೂ ನಮ್ಮ ಕರ್ನಾಟಕದಿಂದಲೇ ಹೋದವು, ಎರಡನ್ನೂ ಕೇಳಿದ್ದು ಇಬ್ಬರ ಪೀಠ. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಯಾದ 2005ರ ಸೆಪ್ಟೆಂಬರ್ 9ರಂದು ಅಪ್ಪ ಬದುಕಿರಬೇಕು ಎಂದಿತು ಮೊದಲನೆಯದು. ಎರಡನೆಯದು 2001ರಲ್ಲಿ ತಂದೆ ತೀರಿಕೊಂಡಿದ್ದ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. ಕೆಳ ಕೋರ್ಟ್‌ಗಳು ಯಾವುದನ್ನು ಪಾಲಿಸಬೇಕು? ಅದಕ್ಕೇ ಮೂವರ ಪೀಠ ಕೂರಬೇಕಾಯಿತು.

ಪ್ರಶ್ನೆ ಏನು ಅಂತ ಹುಡುಕಿ, ಆಮೇಲೆ ನೇರ ಕೊನೆಗೆ ಹೋಗಿ. ಮಧ್ಯದ ಪುಟಗಳಲ್ಲಿ ವಕೀಲರ ವಾದ, ಹಳೇ ತೀರ್ಪುಗಳ ಉಲ್ಲೇಖವೇ ಜಾಸ್ತಿ. ಅಲ್ಲಿನ ಒಂದು ಸಾಲನ್ನು ಕಿತ್ತುಕೊಂಡು ‘ಕೋರ್ಟ್ ಹೀಗೆ ಹೇಳಿತು’ ಎಂದರೆ ಎಡವುತ್ತೀರಿ. ಅದು ಸೋತ ಕಕ್ಷಿದಾರರ ವಾದವೂ ಆಗಿರಬಹುದು, ಅಲ್ವಾ?

ವಿನೀತಾ ಶರ್ಮಾ ತೀರ್ಪಿನ ಕೊನೆಯನ್ನೇ ನೋಡೋಣ. ಮಗಳಿಗೆ ಹಕ್ಕು ಬರುವುದು ಹುಟ್ಟಿನಿಂದ. 2005ರಲ್ಲಿ ಅಪ್ಪ ಬದುಕಿರಬೇಕಿಲ್ಲ. ಪತ್ರಿಕೆಗಳಲ್ಲಿ ಎದ್ದು ಕಂಡಿದ್ದು ಇವೆರಡು ಮಾತು. ಪಕ್ಕದಲ್ಲೇ ಇನ್ನೆರಡು ಮಾತುಗಳಿವೆ. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ಆಗಿಹೋದ ಮಾರಾಟ, ಪಾಲು, ಉಯಿಲುಗಳನ್ನು ಈ ಹಕ್ಕು ಅಲುಗಾಡಿಸುವುದಿಲ್ಲ. ಆದರೆ ‘ಬಾಯಿಮಾತಲ್ಲಿ ಆಗಲೇ ಪಾಲಾಗಿತ್ತು’ ಎಂದು ಸುಮ್ನೆ ಹೇಳಿದರೆ ಕೋರ್ಟ್ ಒಪ್ಪುವುದಿಲ್ಲ. ನೋಂದಣಿಯಾದ ಪಾಲುಪಟ್ಟಿ ಇಲ್ಲವೇ ಕೋರ್ಟ್ ಡಿಕ್ರಿ ಬೇಕು. ಬಾಯಿಮಾತಿನ ಪಾಲಿಗೆ ಮಾನ್ಯತೆ ಸಿಗುವುದು ತೀರಾ ಅಪರೂಪಕ್ಕೆ, ಅದೂ ಸರ್ಕಾರಿ ದಾಖಲೆಗಳ ಬೆಂಬಲ ಇದ್ದರೆ. ಮೇಲಿನ ಹೆಣ್ಣುಮಗಳ ಬದುಕು ನಿಂತಿರುವುದೇ ಈ ಎರಡು ಮಾತಿನ ಮೇಲೆ. ಅಣ್ಣಂದಿರ ಪಾಲು ಕಾಗದದಲ್ಲಿ ಆಗಿತ್ತೋ, ಮನೆಯ ಜಗಲಿಯಲ್ಲಿ ಆಗಿತ್ತೋ? ಇಷ್ಟು ಮುಖ್ಯವಾದ ಸಂಗತಿ ತಲೆಬರಹದಲ್ಲಿ ಕಳೆದುಹೋಗುತ್ತದಲ್ಲ ಎಂದು ನನಗೆ ಸಂಕಟವಾಗುತ್ತದೆ. ಇನ್ನೊಂದು ಮಾತು: ಇದೆಲ್ಲ ಪಿತ್ರಾರ್ಜಿತ ಆಸ್ತಿಯ ಲೆಕ್ಕ. ಅಪ್ಪನ ಸ್ವಯಾರ್ಜಿತಕ್ಕೆ ನಿಯಮ ಬೇರೆ.

ವಿಶ್ಲೇಷಣೆಗಳನ್ನು ಓದುವುದು ಇದಾದ ಮೇಲೆ. ಆಗ ಬರೆದವರು ತೀರ್ಪನ್ನು ವಿವರಿಸುತ್ತಿದ್ದಾರೋ, ತಮ್ಮ ಆಸೆಯನ್ನು ಹೇಳುತ್ತಿದ್ದಾರೋ ಎಂಬುದು ಕಣ್ಣಿಗೆ ಕಾಣುತ್ತದೆ. 2024ರ ಆಗಸ್ಟ್ 1ರ ಒಳಮೀಸಲಾತಿ ತೀರ್ಪನ್ನು ನೆನಪಿಸಿಕೊಳ್ಳಿ. ಏಳು ಜನರ ಪೀಠ, 6–1ರ ಬಹುಮತ, ಆರು ಬೇರೆ ಬೇರೆ ಬರಹಗಳು. ಪರಿಶಿಷ್ಟ ಜಾತಿಗಳೊಳಗೆ ರಾಜ್ಯಗಳು ಉಪವರ್ಗ ಮಾಡಬಹುದೇ ಎಂಬುದು ಪ್ರಶ್ನೆ. ಮಾಡಬಹುದು ಎಂಬುದು ಉತ್ತರ. ಕೆನೆಪದರದ, ಅಂದರೆ ಮೀಸಲಾತಿ ಇರುವ ವರ್ಗದೊಳಗಿನ ಸ್ಥಿತಿವಂತರನ್ನು ಹೊರಗಿಡುವುದರ, ಬಗ್ಗೆ ನಾಲ್ವರು ನ್ಯಾಯಮೂರ್ತಿಗಳು ಅಭಿಪ್ರಾಯ ಹೇಳಿದ್ದರು, ಚರ್ಚೆಯೆಲ್ಲ ಅತ್ತಲೇ ವಾಲಿತು. ಆದರೆ ಅದು ಪೀಠದ ಮುಂದಿದ್ದ ಪ್ರಶ್ನೆಯಲ್ಲ. ಅಂಥ ಮಾತಿಗೆ ತೂಕ ಇದೆ, ಆದೇಶದ ಬಲ ಇಲ್ಲ.

ನಿಮ್ಮದೇ ಪ್ರಕರಣ ಇದ್ದರೆ ವಕೀಲರ ಬಳಿ ಹೋಗುವ ಮುಂಚೆ ಒಂದು ಹಾಳೆಯಲ್ಲಿ ಮೂರು ತಾರೀಕು ಬರೆದುಕೊಳ್ಳಿ: ಅಪ್ಪ ತೀರಿಕೊಂಡದ್ದು, ಪಾಲಾದದ್ದು, ಆ ಪಾಲು ನೋಂದಣಿಯಾದದ್ದು. ನಿಮಗೆ ಅನ್ವಯಿಸುತ್ತದೆ ಅನ್ನಿಸಿದ ಪ್ಯಾರಾದ ಸಂಖ್ಯೆಯನ್ನೂ ಪಕ್ಕದಲ್ಲಿ ಬರೆದು, ‘ಇದು ನಮಗೆ ಹೊಂದುತ್ತದಾ?’ ಎಂದು ಕೇಳಿ.