ಕ್ರೂಸ್ ಹಡಗಿಗೂ ಔಟ್‌ಟರ್ನ್ ನೋಡಿ

ಕಾಫಿ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಚೆರಿ (ಸಿಪ್ಪೆ ಸಮೇತದ ಕಾಫಿ ಹಣ್ಣು) ಮಾರಾಟವಾದ ಮೇಲೆ ಪ್ರವಾಸ ಹೊರಡುವ ಕೊಡಗಿನ ಕುಟುಂಬಗಳಲ್ಲಿ ಈಗ ಕ್ರೂಸ್ ಹಡಗಿನ ಮಾತೂ ಕೇಳಿಬರುತ್ತಿದೆ. 50 ಕೆ.ಜಿ. ಮೂಟೆಯ ದರ ಕೇಳಿದ ಮಾತ್ರಕ್ಕೆ ನಮ್ಮ ಬೆಳೆಗಾರರು ವ್ಯಾಪಾರ ಕುದುರಿಸುವುದಿಲ್ಲ, ಔಟ್‌ಟರ್ನ್, ಅಂದರೆ ಸಿಪ್ಪೆ ತೆಗೆದ ಮೇಲೆ ಆ ಮೂಟೆಯಿಂದ ಸಿಗುವ ಬೀಜ, ಎಷ್ಟು ಬರುತ್ತದೆ ಎಂದು ನೋಡುತ್ತಾರೆ. ಹಡಗಿನ ಟಿಕೆಟ್ಟಿಗೂ ಅದೇ ಲೆಕ್ಕ ಬೇಕು.

ಮೊದಲು ದರದ ಸಿಪ್ಪೆ ಸುಲಿಯಿರಿ. ಜಾಹೀರಾತಿನ ದರ ಸಾಮಾನ್ಯವಾಗಿ ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಉಳಿದರೆ ತಲಾ ಎಷ್ಟು ಎಂಬುದಷ್ಟೇ. ಒಬ್ಬರೇ ಹೋದರೆ ಬಹುಪಾಲು ಇಬ್ಬರ ದರವನ್ನೇ ತೆರಬೇಕಾಗುತ್ತದೆ. ಬಂದರು ಶುಲ್ಕ, ಸಿಬ್ಬಂದಿಯ ಸೇವಾ ಶುಲ್ಕ, ಜಿಎಸ್‌ಟಿ, ಪಾನೀಯ, ವೈಫೈ, ದಡದ ಪ್ರವಾಸ ಇವುಗಳಲ್ಲಿ ಯಾವುದು ಒಳಗೆ, ಯಾವುದು ಹೊರಗೆ ಎಂದು ಏಜೆಂಟರಿಂದ ಬರಹದಲ್ಲೇ ಪಡೆಯಿರಿ. ಉದಾಹರಣೆಗೆ, ಮೂರು ರಾತ್ರಿಗೆ 24,000 ರೂಪಾಯಿ ಎನ್ನುವ ಹಡಗಿನಲ್ಲಿ ಶುಲ್ಕ, ತೆರಿಗೆಗೆ 11,000, ಪಾನೀಯ, ವೈಫೈಗೆ 10,000 ಸೇರಿದರೆ ರಾತ್ರಿಗೆ 15,000 ಬೀಳುತ್ತದೆ. ಎಲ್ಲವನ್ನೂ ಒಳಗೊಂಡು 39,000 ಕೇಳುವ ಇನ್ನೊಂದು ಹಡಗು ರಾತ್ರಿಗೆ 13,000ಕ್ಕೇ ಸಿಕ್ಕಂತಾಯಿತು. ಆದರೆ ಮದ್ಯ ಮುಟ್ಟದವರಿಗೆ ಈ ಲೆಕ್ಕ ತಿರುಗಿಬೀಳಬಹುದು. ನೀವು ನಿಜವಾಗಿ ಬಳಸುವುದನ್ನು ಮಾತ್ರ ಕೂಡಿಸಿ.

ಗುಣಮಟ್ಟವನ್ನು ಅಳೆಯುವುದು ಇದಕ್ಕಿಂತ ಕಷ್ಟ, ಆದರೂ ಎರಡು ಭಾಗಾಕಾರಗಳು ಚಿತ್ರಗಳಿಗಿಂತ ಹೆಚ್ಚು ನಿಜ ಹೇಳುತ್ತವೆ. ಹಡಗಿನ ಗ್ರಾಸ್ ಟನ್ನೇಜನ್ನು (ಹೆಸರು ಹಾಗಿದ್ದರೂ ಇದು ತೂಕವಲ್ಲ, ಒಳಗಿನ ಜಾಗದ ಅಳತೆ) ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಎಷ್ಟು ಜಾಗ ಎಂಬುದು ತಿಳಿಯುತ್ತದೆ. 2024ರಲ್ಲಿ ಸಂಚಾರ ಆರಂಭಿಸಿದ ರಾಯಲ್ ಕೆರಿಬಿಯನ್ ಸಂಸ್ಥೆಯ ‘ಐಕಾನ್ ಆಫ್ ದಿ ಸೀಸ್’ 2,48,663 ಟನ್ನೇಜಿನದು. ಕ್ಯಾಬಿನ್‌ಗೆ ಇಬ್ಬರಂತೆ 5,610 ಜನರಿಗೆ ಭಾಗಿಸಿದರೆ ಸುಮಾರು 44. ಮುಂಬೈಯಿಂದ ಹೊರಡುವ ಕಾರ್ಡೇಲಿಯಾ ಸಂಸ್ಥೆಯ ‘ಎಂಪ್ರೆಸ್’ 1990ರ ಹಡಗು, ಅದರ ಟನ್ನೇಜು ಸುಮಾರು 48,500. ಇದೇ ಲೆಕ್ಕದಲ್ಲಿ 30ರ ಆಸುಪಾಸು. ಹಡಗು ದೊಡ್ಡದಾದರೆ ನೂಕುನುಗ್ಗಲೂ ಹೆಚ್ಚೆಂಬ ಊಹೆ ಇಲ್ಲಿ ನಿಲ್ಲುವುದಿಲ್ಲ. ಪ್ರಯಾಣಿಕರನ್ನು ಸಿಬ್ಬಂದಿಯ ಸಂಖ್ಯೆಯಿಂದ ಭಾಗಿಸುವುದು ಎರಡನೆಯ ಲೆಕ್ಕ. ಇಲ್ಲಿ ಅಂಕಿ ಕಡಿಮೆಯಾದಷ್ಟೂ ಉಪಚಾರ ಚೆನ್ನಾಗಿರುವ ಸಂಭವ ಹೆಚ್ಚು.

ಸ್ವಚ್ಛತೆಯ ವಿಷಯದಲ್ಲಿ, ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳಿಗೆ ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 100ಕ್ಕೆ ಅಂಕ ಕೊಟ್ಟು ಪ್ರಕಟಿಸುತ್ತದೆ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅನುತ್ತೀರ್ಣ.

ಕ್ಯಾಬಿನ್ ಆಯ್ಕೆಯಲ್ಲಿ ಬಾಲ್ಕನಿಯ ಆಸೆಗೆ ಬೀಳುವ ಮುನ್ನ ಹಡಗಿನ ನಕ್ಷೆ ನೋಡಿ. ಕೆಳಗಿನ ಅಂತಸ್ತಿನ ನಡುಭಾಗದಲ್ಲಿ ಓಲಾಟ ಕಡಿಮೆ. ಸಂಪಾಜೆ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುವವರಂತೂ ಇದನ್ನು ಕಡೆಗಣಿಸಬಾರದು.

ಕೊನೆಯದಾಗಿ, ರೈಲಾಗಲಿ ವಿಮಾನ ನಿಲ್ದಾಣವಾಗಲಿ ಇಲ್ಲದ ಜಿಲ್ಲೆ ನಮ್ಮದು. ಮಡಿಕೇರಿಯಿಂದ ಮಂಗಳೂರಿಗೋ, ವಿರಾಜಪೇಟೆಯಿಂದ ಮಾಕುಟ್ಟ ಘಾಟಿಯಿಳಿದು ಕಣ್ಣೂರಿಗೋ ಹೋಗುವ ಟ್ಯಾಕ್ಸಿ, ಮುಂದಿನ ವಿಮಾನ, ಬಂದರಿನ ಊರಿನಲ್ಲಿ ಒಂದು ರಾತ್ರಿಯ ಹೋಟೆಲ್, ಇಷ್ಟನ್ನೂ ಹಡಗಿನ ಖರ್ಚಿಗೆ ಸೇರಿಸಿ. ಹೋಟೆಲಿನ ಆ ರಾತ್ರಿಯನ್ನು ಉಳಿತಾಯದ ನೆಪದಲ್ಲಿ ಕೈಬಿಡಬೇಡಿ: ಘಾಟಿಯಲ್ಲಿ ಮರ ಬಿದ್ದು ನೀವು ತಡವಾದರೆ ಹಡಗು ಕಾಯುವುದಿಲ್ಲ, ಟಿಕೆಟ್ ಹಣವೂ ಸಾಮಾನ್ಯವಾಗಿ ಮರಳುವುದಿಲ್ಲ.