ಇಳಿಜಾರೋ, ಬೆಣೆಯೋ? ಮನೆಯಲ್ಲೇ ತೋರಿಸಿಕೊಡಿ

"ಇಳಿಜಾರು ನಿಂತಲ್ಲೇ ಇರುತ್ತದೆ, ಭಾರ ಅದರ ಮೇಲೆ ಹತ್ತುತ್ತದೆ. ಬೆಣೆ ತಾನೇ ಚಲಿಸುತ್ತದೆ." ಉಡುಪಿಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನಾನು ತುಂಬಾ ವರ್ಷ ಹೀಗೇ ಬರೆಸುತ್ತಿದ್ದೆ. ಒಂದು ದಿನ ಏಳನೇ ತರಗತಿಯ ಹುಡುಗಿ ಕೇಳಿದಳು: "ಟೀಚರ್, ನಮ್ಮನೆ ಮೆಟ್ಟುಕತ್ತಿ ಅಲ್ಲಾಡುವುದೇ ಇಲ್ಲ. ತರಕಾರಿಯನ್ನೇ ಅದಕ್ಕೆ ಒತ್ತುವುದು. ಹಾಗಾದ್ರೆ ಅದು ಬೆಣೆ ಅಲ್ವಾ?"

ಮೆಟ್ಟುಕತ್ತಿಯ ಅಲಗು ಬೆಣೆಯೇ. ತಪ್ಪಿದ್ದು ನನ್ನ ವಾಕ್ಯ. ಈಗ ಮಕ್ಕಳಿಗೆ ಬೇರೆಯದೇ ಪ್ರಶ್ನೆ ಕೊಡುತ್ತೇನೆ: ಇದು ಭಾರವನ್ನು ಮೇಲೆ ಏರಿಸುತ್ತಿದೆಯಾ, ಇಲ್ಲಾ ನಡುವೆ ನುಗ್ಗಿ ಪಕ್ಕಕ್ಕೆ ತಳ್ಳುತ್ತಿದೆಯಾ?

ಮೊದಲು ಇಳಿಜಾರು. ಒಂದಡಿ ಎತ್ತರದ ಜಗಲಿಗೆ ಮೂರಡಿಯ ಹಲಗೆ ಒರಗಿಸಿ. ಆಟದ ಗಾಡಿಯಲ್ಲಿ ಅಕ್ಕಿ ಚೀಲ ಇಡಿ, ಗಾಡಿಯೂ ಸೇರಿ 6 ಕೆ.ಜಿ. ಆಗಲಿ. ಕೊಕ್ಕೆ ತಕ್ಕಡಿಯಲ್ಲಿ ನೇರ ಎತ್ತಿದರೆ 6 ತೋರಿಸುತ್ತದೆ. ಹಲಗೆಯ ಉದ್ದಕ್ಕೆ ನಿಧಾನ ಎಳೆದರೆ 2ಕ್ಕಿಂತ ಸ್ವಲ್ಪ ಜಾಸ್ತಿ. ಆ "ಸ್ವಲ್ಪ" ಘರ್ಷಣೆಯ ಪಾಲು. ಶ್ರಮ ಇಳಿಯಿತು, ಆದರೆ ಒಂದಡಿ ಏರಲು ಮೂರಡಿ ಎಳೆಯಬೇಕಾಯಿತು. ಹಲಗೆ ಇಟ್ಟು ಡ್ರಮ್ಮನ್ನು ಟೆಂಪೋಗೆ ಉರುಳಿಸಿ ಏರಿಸುವುದೂ ಇದೇ ಲೆಕ್ಕ.

ಬೆಣೆಯನ್ನು ನೋಡಬೇಕಾದರೆ ಮಳೆಗಾಲಕ್ಕೆ ಮುಂಚೆ ಬಚ್ಚಲೊಲೆಗೆ ಸೌದೆ ಒಡೆಯುವಲ್ಲಿ ನಿಲ್ಲಿ. ಮಕ್ಕಳು ಹತ್ತು ಹೆಜ್ಜೆ ದೂರ ಇರಲಿ, ಚೂರು ಹಾರುತ್ತದೆ. ಹಲಸಿನ ತುಂಡಿನ ಬಿರುಕಿಗೆ ಕಬ್ಬಿಣದ ಬೆಣೆ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಾರೆ. ಮೊದಲ ಪೆಟ್ಟಿಗೆ ಬೆಣೆ ಕಚ್ಚಿಕೊಳ್ಳುತ್ತದೆ. ಆಮೇಲಿನ ಪೆಟ್ಟಿಗೆ ಒಳಗಿನ ನಾರು ಚಟಚಟ ಅನ್ನುತ್ತದೆ. ಪೆಟ್ಟು ಬೀಳುವುದು ಕೆಳಕ್ಕೆ, ಮರ ಬಿಡುವುದು ಎರಡೂ ಪಕ್ಕಕ್ಕೆ! ಬೆಣೆ 15 ಸೆಂ.ಮೀ. ಉದ್ದ, ತಲೆಯ ಹತ್ತಿರ 3 ಸೆಂ.ಮೀ. ದಪ್ಪ ಇದ್ದರೆ ಲೆಕ್ಕದಲ್ಲಿ ಬಲ 5 ಪಟ್ಟು. ಅಷ್ಟೂ ಕೈಗೆ ಸಿಗುವುದಿಲ್ಲ, ಘರ್ಷಣೆ ಬಹಳ ತಿಂದುಬಿಡುತ್ತದೆ. ಹಾಗಂತ ಅದನ್ನು ಬೈಯಬೇಡಿ. ಹಲಗೆಯ ಮೇಲೆ ಘರ್ಷಣೆ ಬರೀ ನಷ್ಟ. ಇಲ್ಲಿ ಅದು ಇಲ್ಲದಿದ್ದರೆ ಬೆಣೆ ಪೆಟ್ಟು ಪೆಟ್ಟಿಗೂ ಹಿಂದೆ ಜಾರುತ್ತಿತ್ತು.

ಕೊನೆಗೆ ಒಂದು ಕೆಲಸ ಮಾಡಿ, ಮಕ್ಕಳಿಗೆ ಇದೇ ಜಾಸ್ತಿ ಇಷ್ಟ. ಓರೆಯಾಗಿ ಕೊಯ್ದ ಮರದ ತುಂಡೊಂದನ್ನು ಹೊಸ್ತಿಲಿಗೆ ತಾಗಿಸಿಟ್ಟು ಸೈಕಲ್ ಹತ್ತಿಸಿ. ಆಮೇಲೆ ಅದನ್ನೇ ಬಾಗಿಲಿನ ಅಡಿಗೆ ತುರುಕಿ, ಬಾಗಿಲು ಎಳೆದು ನೋಡಲು ಹೇಳಿ. ಈಗ ಯಾವುದು, ಆಗ ಯಾವುದು ಅಂತ ಅವರೇ ಹೇಳಲಿ. ನೀವು ಬಾಯಿ ಬಿಡಬೇಡಿ.