ಜಿಂಜಾದಲ್ಲಿ ಅಂಗಡಿ ಇಡುವ ಮೊದಲು

ಉಗಾಂಡದ ಜಿಂಜಾಕ್ಕೆ ಬರುವ ನಮ್ಮವರಲ್ಲಿ ಹೆಚ್ಚಿನವರು ಮೊದಲು ನೌಕರಿಗೆ ಅಂತಲೇ ಬರುತ್ತಾರೆ. ಸಕ್ಕರೆ ಕಾರ್ಖಾನೆ, ಎಣ್ಣೆ ಮಿಲ್ಲು, ಉಕ್ಕಿನ ಫ್ಯಾಕ್ಟರಿ, ಇಲ್ಲಾ ಯಾವುದಾದರೂ ಹಾರ್ಡ್‌ವೇರ್ ಅಂಗಡಿಯ ಲೆಕ್ಕ. ಸ್ವಲ್ಪ ಕಾಲ ಕಳೆದ ಮೇಲೆ ಸ್ವಂತ ವ್ಯಾಪಾರದ ಆಸೆ ಹುಟ್ಟುತ್ತದೆ. ಆಸೆ ಒಳ್ಳೆಯದೇ, ಈ ಊರು ದುಡಿಯುವವರನ್ನು ಕೈಬಿಡುವುದಿಲ್ಲ. ಆದರೆ ಇಲ್ಲಿ ಬಂಡವಾಳಕ್ಕಿಂತ ಮುಂಚೆ ಬೇಕಾಗಿರುವುದು ಊರಿನವರ ನಂಬಿಕೆ. ಅದು ಯಾಕೆ, ಹೇಗೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಜಿಂಜಾ ಕಂಪಾಲಾದಿಂದ ಪೂರ್ವಕ್ಕೆ ಸುಮಾರು 80 ಕಿಲೋಮೀಟರ್. ವಿಕ್ಟೋರಿಯಾ ಸರೋವರದಿಂದ ನೈಲ್ ನದಿ ಹೊರಡುವುದು ಇಲ್ಲೇ. 2020ರಲ್ಲಿ ಇದನ್ನು ನಗರ ಅಂತ ಮಾಡಿದರು. ಆದರೂ ಸ್ವಭಾವ ಸಣ್ಣ ಊರಿನದೇ. ಬೆಳಿಗ್ಗೆ ನೀವು ಯಾರ ಜೊತೆ ಜಗಳ ಆಡಿದಿರಿ ಅನ್ನುವುದು ಮಧ್ಯಾಹ್ನದೊಳಗೆ ಬೋಡಾ ಬೋಡಾ (ಬಾಡಿಗೆ ಬೈಕ್) ಓಡಿಸುವ ಹುಡುಗರಿಗೆಲ್ಲ ಗೊತ್ತಾಗಿರುತ್ತದೆ. ಸಮಭಾಜಕ ವೃತ್ತದ ಪಕ್ಕದಲ್ಲೇ ಇದ್ದರೂ ಊರು 1,100 ಮೀಟರಿಗಿಂತ ಎತ್ತರದಲ್ಲಿದೆ. ಹಾಗಾಗಿ ಬೆಂಗಳೂರಿನವರಿಗೆ ಹವೆ ಒಗ್ಗುತ್ತದೆ.

ಬಂದ ಮೊದಲ ವಾರ ಮೇನ್ ಸ್ಟ್ರೀಟ್‌ನಲ್ಲಿ ಒಮ್ಮೆ ತಲೆ ಎತ್ತಿ ನಡೆಯಿರಿ. ಹಳೇ ಮಳಿಗೆಗಳ ಹಣೆಯ ಮೇಲೆ ಗಾರೆಯಲ್ಲಿ ಬರೆದ ಭಾರತೀಯ ಹೆಸರುಗಳು, ಕಟ್ಟಿದ ವರ್ಷಗಳು ಕಾಣುತ್ತವೆ. ಈ ಊರಿನ ವ್ಯಾಪಾರ ಬೆಳೆಸಿದವರಲ್ಲಿ ಗುಜರಾತಿಗಳು ದೊಡ್ಡ ಪಾಲು. ಪಕ್ಕದ ಕಕೀರಾದಲ್ಲಿ ಮಾಧ್ವಾನಿ ಮನೆತನದ ಸಕ್ಕರೆ ಕಾರ್ಖಾನೆ ಶುರುವಾದದ್ದು 1930ರಲ್ಲಿ. 1972ರ ಆಗಸ್ಟ್‌ನಲ್ಲಿ ಆಗಿನ ಸರ್ವಾಧಿಕಾರಿ ಇದಿ ಅಮೀನ್ 90 ದಿನಗಳ ಗಡುವು ಕೊಟ್ಟು ಏಷ್ಯಾದವರನ್ನು ದೇಶ ಬಿಡಿಸಿದ. ಅಂಗಡಿ, ಮನೆ, ಕಾರ್ಖಾನೆ ಎಲ್ಲ ಬಿಟ್ಟು ಹೋದರು. 1986ರಲ್ಲಿ ಮುಸೆವೆನಿ ಸರ್ಕಾರ ಬಂದ ನಂತರ ಅನೇಕರಿಗೆ ಆಸ್ತಿ ವಾಪಸ್ ಸಿಕ್ಕಿತು, ಕೆಲವರು ಮರಳಿಯೂ ಬಂದರು.

ಇದೆಲ್ಲ ಹಳೇ ಕಥೆ ಅಂತ ಬಿಡಬೇಡಿ. ಬಿಟ್ಟುಹೋದ ಆಸ್ತಿಗಳಲ್ಲಿ ಕೆಲವಕ್ಕೆ ಒಬ್ಬರಿಗಿಂತ ಹೆಚ್ಚು ಜನ ಹಕ್ಕು ಹೇಳುತ್ತಾರೆ. ಮಳಿಗೆ ಬಾಡಿಗೆಗೆ ಹಿಡಿಯುವ ಮೊದಲು ಭೂದಾಖಲೆ ಕಚೇರಿಯಲ್ಲಿ ಟೈಟಲ್ ಯಾರ ಹೆಸರಲ್ಲಿದೆ ಅಂತ ನಿಮ್ಮದೇ ವಕೀಲರಿಂದ ನೋಡಿಸಿ. ಮಾಲೀಕರು ಕೊಟ್ಟ ವಕೀಲರು ಬೇಡ. ಜಮೀನು ಕೊಳ್ಳುವ ಮಾತು ಬಂದರೆ ಇದು ನೆನಪಿರಲಿ: ಇಲ್ಲಿನ ಪೌರತ್ವ ಇಲ್ಲದವರು ಜಮೀನನ್ನು ಗುತ್ತಿಗೆಗೆ ಮಾತ್ರ ಪಡೆಯಬಹುದು, ಅದೂ ಹೆಚ್ಚೆಂದರೆ 99 ವರ್ಷಕ್ಕೆ. "ನನ್ನ ಹೆಸರಲ್ಲಿ ತೆಗೆದುಕೊಳ್ಳಿ, ಆಮೇಲೆ ನೋಡೋಣ" ಅನ್ನುವವರ ಹತ್ತಿರ ದುಡ್ಡು ಬಿಚ್ಚಬೇಡಿ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳುತ್ತೇನೆ. ಟೂರಿಸ್ಟ್ ವೀಸಾದಲ್ಲಿ ಬಂದು ಗಲ್ಲಾದ ಮುಂದೆ ಕೂರಬೇಡಿ, ಒಂದು ದಿನವೂ ಬೇಡ. ನೌಕರಿಗೆ ಒಂದು ವರ್ಗದ ವರ್ಕ್ ಪರ್ಮಿಟ್, ಸ್ವಂತ ವ್ಯಾಪಾರಕ್ಕೆ ಬೇರೆ ವರ್ಗದ್ದು. ನೌಕರಿಯ ಪರ್ಮಿಟ್ ಇಟ್ಟುಕೊಂಡು ಪಕ್ಕದಲ್ಲಿ ಅಂಗಡಿ ನಡೆಸುವುದು ತಪ್ಪು. ಪಾಸ್‌ಪೋರ್ಟನ್ನು ಮಾಲೀಕರಾಗಲಿ ಏಜೆಂಟರಾಗಲಿ ಇಟ್ಟುಕೊಳ್ಳುತ್ತೇನೆ ಅಂದರೆ ಒಪ್ಪಬೇಡಿ. ಕಂಪನಿ ನೋಂದಣಿ, ತೆರಿಗೆ ನಂಬರು, ಪ್ರತಿ ವರ್ಷದ ಟ್ರೇಡಿಂಗ್ ಲೈಸೆನ್ಸ್ ಇವಿಷ್ಟು ಸರಿಯಾಗಿದ್ದರೆ ಇನ್‌ಸ್ಪೆಕ್ಟರ್ ಬಂದಾಗ ಎದೆ ಡವಡವ ಅನ್ನುವುದಿಲ್ಲ. ವ್ಯಾಟ್ 18 ಪರ್ಸೆಂಟ್. ಬೆಲೆ ಹಾಕುವಾಗಲೇ ಅದನ್ನು ಸೇರಿಸಿ ಲೆಕ್ಕ ಮಾಡಿ.

ಈಗ ವ್ಯಾಪಾರ. ಕಾಲು ಕೆಜಿ ಸಕ್ಕರೆ, ಒಂದು ಮೇಣದಬತ್ತಿ, ಉದ್ದನೆಯ ಬಟ್ಟೆ ಸೋಪನ್ನು ಚಾಕುವಿನಲ್ಲಿ ಕತ್ತರಿಸಿದ ಒಂದು ತುಂಡು. ಇಲ್ಲಿನ ಗಲ್ಲಿಯ ಅಂಗಡಿಗಳು ನಡೆಯುವುದು ಹೀಗೆ. ಆ ಅಂಗಡಿಗಳು ಸ್ಥಳೀಯರವು, ಬಹಳ ಕಡೆ ಹೆಂಗಸರೇ ನಡೆಸುತ್ತಾರೆ. ಅವರ ಹೊಟ್ಟೆಪಾಡಿಗೆ ಅಡ್ಡ ಹೋಗಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅವರಿಗೆ ಮಾಲು ಕೊಡುವ ಹೋಲ್‌ಸೇಲ್ ಇಡಿ. ಸುತ್ತಲಿನ ಊರುಗಳಾದ ಬುಗೆಂಬೆ, ಬುವೆಂಗೆ, ಕಮುಲಿ ಕಡೆಯಿಂದ ಬರುವ ಅಂಗಡಿಯವರು ಒಮ್ಮೆ ನಿಮ್ಮನ್ನು ನಂಬಿದರೆ ಬೇರೆ ಕಡೆ ಹೋಗುವುದಿಲ್ಲ. ತೂಕ ಸರಿ ಇರಬೇಕು, ಒಡೆದ ಪೆಟ್ಟಿಗೆ ವಾಪಸ್ ತೆಗೆದುಕೊಳ್ಳಬೇಕು, ಅಷ್ಟೇ. ಉದ್ರಿ ಕೊಡುವುದಾದರೆ ಸಣ್ಣದಾಗಿ ಶುರುಮಾಡಿ. ಹಳೇದು ತೀರಿದ ಮೇಲೆ ಹೊಸದು.

ಗಿರಾಕಿ ಒಳಗೆ ಬಂದ ಕೂಡಲೇ "ಏನು ಬೇಕು?" ಅಂತ ಕೇಳಬೇಡಿ. ಇಲ್ಲಿ ಅದು ಒರಟುತನ. ಮೊದಲು ನಮಸ್ಕಾರ. ಜಿಂಜಾ ಇರುವ ಈ ಸೀಮೆಯ ಹೆಸರು ಬುಸೋಗಾ, ಇಲ್ಲಿನ ಜನಕ್ಕೆ "ಕೊದೇಯೋ" ಅಂದರೆ ಮುಖ ಅರಳುತ್ತದೆ. ಕೆಲಸದಲ್ಲಿದ್ದವರನ್ನು ಕಂಡರೆ "ಜೆಬಾಲೆ ಕೊ" ಅನ್ನಿ, ಕೆಲಸಕ್ಕೆ ಭೇಷ್ ಅಂದ ಹಾಗೆ. ಗಂಡಸರಿಗೆ ಸೆಬೊ, ಹೆಂಗಸರಿಗೆ ನ್ಯಾಬೊ. ರಾತ್ರಿ ಹೇಗಿತ್ತು, ಮನೆಯಲ್ಲಿ ಹೇಗಿದ್ದಾರೆ ಅಂತ ಎರಡು ಮಾತು ಆದ ಮೇಲೆ ಸಿಮೆಂಟಿನ ರೇಟು. ಹಳ್ಳಿಯಿಂದ ಬಂದ ಹೆಂಗಸರು ಹಿರಿಯರನ್ನು ಕಂಡಾಗ ಮೊಣಕಾಲೂರಿ ಮಾತಾಡಿಸುತ್ತಾರೆ, ನಿಮ್ಮ ಅಂಗಡಿಯಲ್ಲೂ ಹಾಗೆ ಮಾಡಬಹುದು. ಗಾಬರಿ ಬೀಳಬೇಡಿ, ಅದು ಅವರ ರೀತಿ. ನೀವು ಸ್ವಲ್ಪ ಬಗ್ಗಿ, ಮೆತ್ತಗೆ ಉತ್ತರ ಕೊಡಿ.

ಗಂಟೆಯ ಲೆಕ್ಕವನ್ನೂ ತಿಳಿದಿರಿ. ಇಲ್ಲಿ ಆಡುವ ಲುಗಾಂಡಾ ಭಾಷೆಯಲ್ಲಿ ಹೊತ್ತು ಎಣಿಸುವುದು ಬೆಳಗಾದಾಗಿನಿಂದ. ನಮ್ಮ ಏಳು ಗಂಟೆ ಅಂದರೆ ಅವರ ಒಂದು, ನಮ್ಮ ಎಂಟು ಅವರ ಎರಡು. ಅವರ ಭಾಷೆಯಲ್ಲಿ ಎರಡಕ್ಕೆ ಲಾರಿ ಬರುತ್ತದೆ ಅಂದರೆ ಬೆಳಿಗ್ಗೆ ಎಂಟಕ್ಕೆ ಅಂಗಡಿ ತೆರೆದಿರಬೇಕು.

ವರ್ಷದ ವ್ಯಾಪಾರ ಏರುವುದೂ ಇಳಿಯುವುದೂ ಶಾಲೆಯ ಟರ್ಮ್ ಮೇಲೆ. ಫೆಬ್ರವರಿ, ಮೇ ಕೊನೆ, ಸೆಪ್ಟೆಂಬರ್ ಹೀಗೆ ಮೂರು ಟರ್ಮ್ ಶುರುವಾಗುತ್ತವೆ. ಮನೆಯ ದುಡ್ಡೆಲ್ಲ ಆಗ ಫೀಸಿಗೆ ಹೋಗುತ್ತದೆ, ಬಟ್ಟೆ, ಪಾತ್ರೆ, ಫೋನು ಯಾರೂ ಕೇಳುವುದಿಲ್ಲ. ಆದರೆ ಬೋರ್ಡಿಂಗ್ ಶಾಲೆಗಳು ಮಕ್ಕಳ ಕೈಗೆ ಒಂದು ಪಟ್ಟಿ ಕೊಟ್ಟಿರುತ್ತವೆ: ಹಾಸಿಗೆ, ತಗಡಿನ ಟ್ರಂಕು, ಬೀಗ, ಬೇಸನ್, ಜೆರಿಕ್ಯಾನ್, ಪೊರಕೆ, ಟಾಯ್ಲೆಟ್ ಪೇಪರ್, ಒಂದು ರೀಮ್ ಬಿಳಿ ಹಾಳೆ. ಟರ್ಮ್ ಶುರುವಾಗುವ ಆ ಎರಡು ವಾರ ಈ ಸಾಮಾನು ಇಟ್ಟವರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಅಪ್ಪ ಅಮ್ಮ ಪಟ್ಟಿ ಹಿಡಿದು ಒಂದೊಂದಕ್ಕೂ ಗೀಟು ಹಾಕುತ್ತಾ ನಿಂತಿರುತ್ತಾರೆ. ಕೈಯಲ್ಲಿ ದುಡ್ಡು ಕಮ್ಮಿ ಇರುತ್ತದೆ, ಪಕ್ಕದಲ್ಲಿ ಮಗು ನೋಡುತ್ತಿರುತ್ತದೆ. ಆ ಹೊತ್ತಿನಲ್ಲಿ ಬೆಲೆ ಏರಿಸಬೇಡಿ. ಜನ ಮರೆಯುವುದಿಲ್ಲ.

ದುಡ್ಡು ಓಡಾಡುವುದು ಜಾಸ್ತಿ ಮೊಬೈಲ್ ಮನಿಯಲ್ಲೇ, ಅಂದರೆ ಫೋನ್ ನಂಬರಿನ ಖಾತೆಯಲ್ಲೇ; ಫೋನ್ ಕಂಪನಿ ಎಂಟಿಎನ್ ಅಥವಾ ಏರ್‌ಟೆಲ್. "ತಪ್ಪಿ ನಿಮ್ಮ ನಂಬರಿಗೆ ಕಳಿಸಿದೆ, ವಾಪಸ್ ಹಾಕಿ" ಅಂತ ಫೋನ್ ಬಂದರೆ ಮೊದಲು ಬ್ಯಾಲೆನ್ಸ್ ನೋಡಿ. ಮೆಸೇಜ್ ನಂಬಬೇಡಿ.

ಕೆಲಸದವರ ಬಗ್ಗೆ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಹುಡುಗರನ್ನು ಗದರಿಸಿ, ಜೇಬು ತಡಕಿ ಮನೆಗೆ ಕಳಿಸುವ ಅಂಗಡಿಗಳು ಇವೆ, ನಮ್ಮವರದೂ ಇವೆ. ನೀವು ಹಾಗೆ ಮಾಡಬೇಡಿ. ನೇಮಕದ ಪತ್ರ ಕೊಡಿ. ಎನ್‌ಎಸ್‌ಎಸ್‌ಎಫ್‌ಗೆ (ನಮ್ಮ ಪಿಎಫ್ ತರಹದ ನಿಧಿ) ಕೆಲಸದವರ ಸಂಬಳದಿಂದ 5 ಪರ್ಸೆಂಟ್, ನಿಮ್ಮ ಕಡೆಯಿಂದ 10 ಪರ್ಸೆಂಟ್ ಕಟ್ಟುವುದು ಕಾನೂನು. ಒಬ್ಬರೇ ಕೆಲಸಕ್ಕಿದ್ದರೂ ಕಟ್ಟಬೇಕು. ಮಧ್ಯಾಹ್ನ ಪೋಶೋ (ಜೋಳದ ಹಿಟ್ಟಿನ ಗಟ್ಟಿ ಮುದ್ದೆ), ಬೀನ್ಸ್ ಊಟ ಹಾಕಿ, ಸಾಧ್ಯವಾದರೆ ಜೊತೆಗೇ ಕೂತು ತಿನ್ನಿ. ಅವರ ಮನೆಯಲ್ಲಿ ಸಾವಾದರೆ ರಜೆ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಮಣ್ಣಿಗೆ ನೀವೂ ಹೋಗಿ, ಟೆಂಟಿನ ಕೆಳಗೆ ಒಂದು ಗಂಟೆ ಕೂರಿ, ಕೈಲಾದಷ್ಟು ಕೊಡಿ. ನೀವು ಬಂದಿದ್ದಿರಿ ಅನ್ನುವುದನ್ನು ಆ ಹಳ್ಳಿ ವರ್ಷಗಟ್ಟಲೆ ಹೇಳಿಕೊಳ್ಳುತ್ತದೆ.

ಆರೋಗ್ಯದಲ್ಲಿ ಒಂದೇ ದೊಡ್ಡ ಎಚ್ಚರ, ಮಲೇರಿಯಾ. ಸೊಳ್ಳೆಪರದೆ ಇಲ್ಲದೆ ಮಲಗಬೇಡಿ. ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಊರಿಗೆ ಹೋದಾಗ ಜ್ವರ ಬಂದರೂ ಉಗಾಂಡದಿಂದ ಬಂದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಸರೋವರದ ದಡದ ನಿಂತ ನೀರಿಗೆ ಇಳಿಯಬೇಡಿ, ಬಿಲ್ಹಾರ್ಜಿಯಾ ಹುಳು ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನ ಮುಂಚೆಯಾದರೂ ಹಾಕಿಸಿ. ಆ ಸರ್ಟಿಫಿಕೇಟ್ ಇಲ್ಲದೆ ಭಾರತಕ್ಕೆ ಮರಳಿದರೆ ಕ್ವಾರಂಟೈನ್‌ನಲ್ಲಿ ಇಡುತ್ತಾರೆ.

ಊಟಕ್ಕೆ ತೊಂದರೆ ಇಲ್ಲ. ಬೇಳೆ, ಮಸಾಲೆ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಹಲಸು, ಬಾಳೆ ಧಾರಾಳ. ರಾಗಿಯನ್ನಂತೂ ಹೊತ್ತು ತರಬೇಡಿ, ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನಾಡು. ಮಾರ್ಕೆಟ್ಟಿನಲ್ಲಿ ಕಾಳು ಕೊಂಡು ಗಿರಣಿಯಲ್ಲಿ ಬೀಸಿಸಿ. ಬೀಸಿಟ್ಟ ಹಿಟ್ಟಿನಲ್ಲಿ ಮರಗೆಣಸಿನ ಹಿಟ್ಟು ಸೇರಿರಬಹುದು, ಕೇಳಿ ಕೊಳ್ಳಿ. ಸೂಟ್‌ಕೇಸಿನಲ್ಲಿ ಜಾಗ ಉಳಿದರೆ ಮನೆಯಲ್ಲಿ ಮಾಡಿದ ಸಾರಿನ ಪುಡಿ ತುಂಬಿಕೊಂಡು ಬನ್ನಿ, ಅದೊಂದು ಇಲ್ಲಿ ಸಿಗುವುದಿಲ್ಲ.